ಪರಿಹಾರದ ಕೇಸಿನಲ್ಲಿ ಮಾಲೀಕರ ಪರ, ವಿಮೆಯವರ ಪರ ನಿಲ್ಲುವ ವಕೀಲರಾಗುವುದು ಹೇಗೆ?

ಪ್ರಶ್ನೆ: ನಾನು ಎಲ್‌ಎಲ್‌ಬಿ ಕೊನೆಯ ವರ್ಷದಲ್ಲಿದ್ದೇನೆ, ಊರು ಸಿಂಧನೂರು. ಅಕ್ಕನ ಗೆಳತಿ ಕ್ಯಾಲಿಫೋರ್ನಿಯಾದಲ್ಲಿ ‘ವರ್ಕರ್ಸ್ ಕಾಂಪೆನ್ಸೇಷನ್ ಡಿಫೆನ್ಸ್ ಅಟಾರ್ನಿ’. ಕೆಲಸದಲ್ಲಿ ಪೆಟ್ಟಾದವರು ಪರಿಹಾರ ಕೇಳಿದರೆ ಕಂಪನಿಯ ಪರ, ವಿಮೆಯವರ ಪರ ವಾದ ಮಾಡುತ್ತಾರಂತೆ. ನಮ್ಮಲ್ಲೂ ಇದು ಒಂದು ವೃತ್ತಿಯೇ? ಒಬ್ಬ ಸೀನಿಯರ್ ವಕೀಲರು ಇದೇ ಕೆಲಸಕ್ಕೆ ಕರೆಯುತ್ತಿದ್ದಾರೆ. ಕೈಕಾಲು ಕಳೆದುಕೊಂಡ ಬಡವರ ಎದುರು ನಿಲ್ಲಲು ಮನಸ್ಸು ಒಪ್ಪುತ್ತಿಲ್ಲ. ನೀವು ಹೇಗೆ ಈ ಕೆಲಸಕ್ಕೆ ಬಂದಿರಿ?

ಉತ್ತರ: ನಿಮ್ಮ ಮನಸ್ಸು ಒಪ್ಪುತ್ತಿಲ್ಲ ಅಂದಿರಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ಆ ಅಳುಕು ಇರಬೇಕು. ಅದು ಇಲ್ಲದವರು ಈ ಕೆಲಸಕ್ಕೆ ಬಂದರೆ ಕಾರ್ಮಿಕರಿಗೂ ಕಷ್ಟ, ಕೊನೆಗೆ ಅವರನ್ನು ನೇಮಿಸಿದ ಕಂಪನಿಗೂ ನಷ್ಟ. ಆದರೆ ‘ಬಡವರ ಎದುರು ನಿಲ್ಲುವುದು’ ಅನ್ನುವ ಚಿತ್ರ ಪೂರ್ತಿ ಸರಿಯಲ್ಲ.

ಯಾಕೆ ಅಂದರೆ, ಈ ಕಾನೂನಿನಲ್ಲಿ, ಅಂದರೆ 1923ರ ಕಾರ್ಮಿಕ ಪರಿಹಾರ ಕಾಯ್ದೆಯಲ್ಲಿ, ತಪ್ಪು ಯಾರದು ಅನ್ನುವುದು ಮುಖ್ಯ ಪ್ರಶ್ನೆಯೇ ಅಲ್ಲ. ಮೋಟಾರು ಅಪಘಾತದ ಕೇಸಿನಲ್ಲಿ ಯಾರ ಅಜಾಗರೂಕತೆ ಅಂತ ದಿನಗಟ್ಟಲೆ ವಾದ ನಡೆಯುತ್ತದೆ. ಇಲ್ಲಿ ಹಾಗಲ್ಲ. ಕೆಲಸದಿಂದಾಗಿ, ಕೆಲಸದ ಹೊತ್ತಿನಲ್ಲಿ ಪೆಟ್ಟಾಯಿತಾ? ಆಯಿತು ಅಂದರೆ ಮಾಲೀಕರು ಕೊಡಲೇಬೇಕು. ಎಷ್ಟು ಕೊಡಬೇಕು ಅನ್ನುವುದಕ್ಕೂ ಲೆಕ್ಕದ ಸೂತ್ರ ಕಾಯ್ದೆಯಲ್ಲೇ ಇದೆ. ಹಾಗಾಗಿ ಮಾಲೀಕರ ಪರ ನಿಂತವರ ನಿಜವಾದ ಕೆಲಸ ಲೆಕ್ಕವನ್ನು ಸರಿ ಮಾಡಿಸುವುದು, ಕೊಡಬೇಕಾದವರು ಯಾರು ಅನ್ನುವುದನ್ನು ತೀರ್ಮಾನ ಮಾಡಿಸುವುದು, ಕೊಡಬೇಕಾದ್ದನ್ನು ಬೇಗ ಕೊಡಿಸುವುದು. ಮೂರನೆಯದನ್ನು ಬಹಳ ಜನ ಮರೆಯುತ್ತಾರೆ. ನಾನೂ ಮೊದಮೊದಲು ಮರೆತಿದ್ದೆ, ಅದನ್ನು ಮುಂದೆ ಹೇಳುತ್ತೇನೆ.

ನಾನು ಬಂದ ದಾರಿ ಕೇಳಿದಿರಿ. ನಮ್ಮಪ್ಪ ಗಂಗಾವತಿಯಲ್ಲಿ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಹಮಾಲರ ಹಾಜರಿ, ಎಷ್ಟು ಚೀಲ ಎತ್ತಿದರು, ವಾರಕ್ಕೆ ಎಷ್ಟು ಬಟವಾಡೆ, ಎಲ್ಲ ಅವರ ಕೈಬರಹದಲ್ಲೇ. ಒಂದು ಸಲ ಚೀಲ ಹೊತ್ತು ಹಲಗೆ ಹತ್ತುತ್ತಿದ್ದ ಹಮಾಲರೊಬ್ಬರು ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಕೇಸಾಯಿತು. ಅಪ್ಪನ ಪುಸ್ತಕವನ್ನು ಕೋರ್ಟಿಗೆ ತರಿಸಿದರು. ಅಪ್ಪ ಸಾಕ್ಷಿ ಕಟ್ಟೆ ಹತ್ತಿ ಬಂದ ದಿನ ರಾತ್ರಿ ಊಟ ಮಾಡಲಿಲ್ಲ. ‘ನಾನು ಬರೆದದ್ದೇ ನಿಜ ಅಂದೆ, ಅಷ್ಟೇ’ ಅಂದರು. ಆ ಪುಸ್ತಕದಲ್ಲಿ ಇದ್ದ ಕೂಲಿಯ ಮೇಲೇ ಪರಿಹಾರದ ಲೆಕ್ಕ ಆಯಿತು. ನಾನಾಗ ಪಿಯುಸಿ. ಒಂದು ಕೂಲಿ ಪುಸ್ತಕಕ್ಕೆ ಇಷ್ಟು ತೂಕ ಇದೆಯಾ ಅಂತ ಅನ್ನಿಸಿದ್ದು ಅವತ್ತೇ. ಮುಂದೆ ಪದವಿ, ಮೂರು ವರ್ಷದ ಎಲ್‌ಎಲ್‌ಬಿ, ಸನ್ನದು, ಆಮೇಲೆ ಬಳ್ಳಾರಿಯಲ್ಲಿ ಒಬ್ಬ ಸೀನಿಯರ್ ಹತ್ತಿರ ಜೂನಿಯರ್. ಅವರು ವಿಮಾ ಕಂಪನಿಯೊಂದರ ಪ್ಯಾನಲ್‌ನಲ್ಲಿದ್ದರು. ಅಂದರೆ ಕಂಪನಿ ತನ್ನ ಕೇಸು ನಡೆಸಲು ಗೊತ್ತು ಮಾಡಿಕೊಂಡ ವಕೀಲರ ಪಟ್ಟಿಯಲ್ಲಿ. ನಾನಾಗಿ ಈ ಪಕ್ಷ ಆರಿಸಿಕೊಂಡೆ ಅಂತೇನೂ ಇಲ್ಲ, ಸೀನಿಯರ್ ಮೇಜಿನ ಮೇಲಿದ್ದ ಫೈಲುಗಳು ಇವೇ ಆಗಿದ್ದವು. ಹೆಚ್ಚಿನವರು ಬರುವುದು ಹೀಗೆಯೇ.

ಈಗ ನಿಮ್ಮ ಅಕ್ಕನ ಗೆಳತಿಯ ಕೆಲಸ. ಅಮೆರಿಕದಲ್ಲಿ ಇದು ನಿಜಕ್ಕೂ ಬೇರೆಯೇ ವೃತ್ತಿ. ಇದಕ್ಕೆ ಮಾತ್ರ ಮೀಸಲಾದ ಫರ್ಮುಗಳಿವೆ, ಇಡೀ ಜೀವನ ಇದೊಂದೇ ಮಾಡುವವರಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ 1913ರ ಕಾಯ್ದೆಯಿಂದ ಮಾಲೀಕರಿಗೆ ಇದು ಕಡ್ಡಾಯವಾಯಿತು, 1914ರ ಜನವರಿ 1ರಿಂದ ಜಾರಿ. ಅಲ್ಲಿ ಜ್ಯೂರಿ ಇಲ್ಲ, ಕಾರ್ಮಿಕ ಪರಿಹಾರಕ್ಕೆಂದೇ ಇರುವ ನ್ಯಾಯಾಧೀಶರು ಕೇಳುತ್ತಾರೆ. ಕಾರ್ಮಿಕರ ವಕೀಲರಿಗೆ ಬಂದ ಪರಿಹಾರದಲ್ಲಿ ಒಂದು ಪಾಲನ್ನು ನ್ಯಾಯಾಧೀಶರು ನಿಗದಿ ಮಾಡಿ ಕೊಡಿಸುತ್ತಾರೆ, ಡಿಫೆನ್ಸ್‌ನವರಿಗೆ ಸಾಮಾನ್ಯವಾಗಿ ಗಂಟೆ ಲೆಕ್ಕದಲ್ಲಿ ಶುಲ್ಕ. ಐದು ವರ್ಷವಾದರೂ ವಕೀಲಿ ಮಾಡಿ, ಬೇರೆ ಪರೀಕ್ಷೆ ಬರೆದು ಪಾಸಾದವರಿಗೆ ಈ ವಿಷಯದ ‘ಸರ್ಟಿಫೈಡ್ ಸ್ಪೆಷಲಿಸ್ಟ್’ ಅನ್ನುವ ಮಾನ್ಯತೆಯೂ ಇದೆ. ಅಂದ ಹಾಗೆ, ಇಲ್ಲಿ ಸನ್ನದು ಪಡೆದು ವಕೀಲರಾದವರು ಅಲ್ಲಿ ಮತ್ತೊಂದು ಕಾನೂನು ಪದವಿ ಮಾಡದೆಯೂ ಕ್ಯಾಲಿಫೋರ್ನಿಯಾ ಬಾರ್ ಪರೀಕ್ಷೆಗೆ ಕೂರಬಹುದು, ಮುಂದೆ ಎಂದಾದರೂ ಉಪಯೋಗಕ್ಕೆ ಬಂದೀತು.

ನಮಗೂ ಅವರಿಗೂ ಒಂದು ನಂಟಿದೆ. 1897ರ ಬ್ರಿಟಿಷ್ ಕಾಯ್ದೆಯಲ್ಲಿ ‘ಕೆಲಸದಿಂದ ಉಂಟಾದ ಮತ್ತು ಕೆಲಸದ ಅವಧಿಯಲ್ಲಿ ಆದ’ ಅಪಘಾತ ಅನ್ನುವ ಮಾತು ಬಂತು. ಅದೇ ಮಾತು ಕ್ಯಾಲಿಫೋರ್ನಿಯಾ ಕಾನೂನಿನಲ್ಲೂ ಇದೆ, ನಮ್ಮ 1923ರ ಕಾಯ್ದೆಯ 3ನೇ ಸೆಕ್ಷನ್‌ನಲ್ಲೂ ಇದೆ. ಆ ಗೆಳತಿ ಅಲ್ಲಿ ಯಾವ ಮಾತಿನ ಮೇಲೆ ವಾದ ಮಾಡುತ್ತಾರೋ ನಾವು ಬಳ್ಳಾರಿಯಲ್ಲಿ, ಹೊಸಪೇಟೆಯಲ್ಲಿ ಅದೇ ಮಾತಿನ ಮೇಲೆ ವಾದ ಮಾಡುತ್ತೇವೆ.

ನಮ್ಮಲ್ಲಿ ಇದು ಪ್ರತ್ಯೇಕ ವೃತ್ತಿ ಅಂತ ಬೋರ್ಡು ಹಾಕುವಷ್ಟು ಬೆಳೆದಿಲ್ಲ. ಪ್ಯಾನಲ್ ವಕೀಲರು ಅನ್ನುತ್ತಾರೆ. ಮೋಟಾರು ಅಪಘಾತದ ಕೇಸು, ಪರಿಹಾರದ ಕೇಸು, ಎರಡೂ ಒಟ್ಟಿಗೇ ಬರುತ್ತವೆ. ಮೊದಲು ಇವನ್ನು ಕಾರ್ಮಿಕ ಇಲಾಖೆಯ ಅಧಿಕಾರಿಗಳು ಆಯುಕ್ತರಾಗಿ ಕೇಳುತ್ತಿದ್ದರು, ಆಮೇಲೆ ಕರ್ನಾಟಕದಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರಿಗೆ ಆ ಅಧಿಕಾರ ಬಂತು. ಹಳೆಯ ಹೆಸರು ವರ್ಕ್‌ಮೆನ್ಸ್ ಕಾಂಪೆನ್ಸೇಷನ್ ಕಾಯ್ದೆ. 2010ರ ಜನವರಿಯಿಂದ ಅದು ಎಂಪ್ಲಾಯೀಸ್ ಕಾಂಪೆನ್ಸೇಷನ್ ಕಾಯ್ದೆ ಆಯಿತು, ಆದರೂ ಕಕ್ಷಿದಾರರ ಬಾಯಲ್ಲಿ ಇವತ್ತಿಗೂ ‘ಡಬ್ಲ್ಯುಸಿ ಕೇಸು’.

ಈಗ ಅದರ ಜಾಗಕ್ಕೆ ಹೊಸ ಸಂಹಿತೆ ಬಂದಿದೆ, ಅದನ್ನು ಕೊನೆಯಲ್ಲಿ ಹೇಳುತ್ತೇನೆ; ಇಲ್ಲಿ ಹೇಳುವ ಸೆಕ್ಷನ್, ಲೆಕ್ಕ ಎಲ್ಲ ಹಳೆಯ ಕಾಯ್ದೆಯವು. ಒಂದು ಫೈಲು ಬಂದರೆ ಏನು ಮಾಡುತ್ತೇವೆ ಹೇಳುತ್ತೇನೆ. ಕೆಲಸ ಏನು ಅನ್ನುವುದು ಅದರಲ್ಲೇ ಗೊತ್ತಾಗುತ್ತದೆ.

ಲಾರಿ ಪಲ್ಟಿಯಾಗಿದೆ, ಕ್ಲೀನರ್ ಕಾಲು ಮುರಿದಿದೆ ಅಂತಿಟ್ಟುಕೊಳ್ಳಿ. ಕಂಪನಿಯಿಂದ ಅರ್ಜಿಯ ಪ್ರತಿ, ಪಾಲಿಸಿ, ತನಿಖೆ ಮಾಡಿದವರ ವರದಿ ಬರುತ್ತದೆ. ನಾನು ಮೊದಲು ತೆಗೆಯುವುದು ಅರ್ಜಿಯನ್ನಲ್ಲ, ಆಸ್ಪತ್ರೆಯ ಕಾಗದ. ಗಾಯಗೊಂಡವರನ್ನು ಮೊದಲ ಸಲ ಆಸ್ಪತ್ರೆಗೆ ಕರೆತಂದಾಗ ಡ್ಯೂಟಿ ಡಾಕ್ಟರ್ ‘ಏನಾಯಿತು’ ಅಂತ ಕೇಳಿ ಒಂದೆರಡು ಸಾಲು ಬರೆದುಕೊಳ್ಳುತ್ತಾರೆ. ಆ ಹೊತ್ತಿನಲ್ಲಿ ಯಾರಿಗೂ ಕೇಸಿನ ಯೋಚನೆ ಇರುವುದಿಲ್ಲ, ನೋವು ಇರುತ್ತದೆ, ಅದಕ್ಕೇ ಅಲ್ಲಿ ಬಂದಿರುವುದು ಬಹುತೇಕ ನಿಜ. ಅಲ್ಲಿ ‘ಲಾರಿ ಪಲ್ಟಿ’ ಅಂತಿದ್ದರೆ ಒಂದು ಕಥೆ, ‘ಬೈಕಿನಿಂದ ಬಿದ್ದು’ ಅಂತಿದ್ದರೆ ಇನ್ನೊಂದು ಕಥೆ. ಆಮೇಲೆ ಎಫ್‌ಐಆರ್, ಯಾವ ದಿನ ಕೊಟ್ಟರು, ಎಷ್ಟು ತಡ. ಸ್ಥಳ ಮಹಜರು. ಚಾರ್ಜ್‌ಶೀಟಿನಲ್ಲಿ ಆ ಮನುಷ್ಯನ ಹೆಸರು ಕ್ಲೀನರ್ ಅಂತಲೇ ಇದೆಯಾ, ಸುಮ್ನೆ ಪ್ರಯಾಣಿಕ ಅಂತ ಇದೆಯಾ. ಚಾಲಕರ ಲೈಸೆನ್ಸು, ಪರ್ಮಿಟ್ಟು, ವಾಹನ ಓಡಾಡಲು ಯೋಗ್ಯ ಅನ್ನುವ ಎಫ್‌ಸಿ.

ಇನ್ನೊಂದು ಪ್ರಶ್ನೆಯನ್ನೂ ಮೊದಲೇ ಕೇಳಿಕೊಳ್ಳಬೇಕು: ಇವರು ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಅಡಿಯಲ್ಲಿ ಇದ್ದವರಾ? ಇದ್ದರೆ ಈ ಕಾಯ್ದೆಯಡಿ ಪರಿಹಾರ ಕೇಳುವಂತಿಲ್ಲ, ಇಎಸ್‌ಐ ನಿಗಮದಿಂದಲೇ ಪಡೆಯಬೇಕು. ಕಾರ್ಖಾನೆಯ ಕೇಸುಗಳಲ್ಲಿ ಇದನ್ನು ಗಮನಿಸದೆ ವರ್ಷಗಟ್ಟಲೆ ನಡೆಸಿ ಕೊನೆಗೆ ಕಾರ್ಮಿಕರು ಬರಿಗೈಯಲ್ಲಿ ಹೋಗಿದ್ದನ್ನು ಕಂಡಿದ್ದೇನೆ. ಎದುರು ಪಕ್ಷದ ವಕೀಲರಾಗಿ ಇದನ್ನು ಮೊದಲ ದಿನವೇ ಆಕ್ಷೇಪಣೆಯಲ್ಲಿ ಬರೆದರೆ ಅವರಿಗೂ ಉಪಕಾರ, ಬೇಗ ಸರಿಯಾದ ಬಾಗಿಲಿಗೆ ಹೋಗುತ್ತಾರೆ. ಅದನ್ನು ಬಚ್ಚಿಟ್ಟು ಕೊನೆಯ ವಾದದಲ್ಲಿ ಹೊರಗೆ ತೆಗೆಯುವವರಿದ್ದಾರೆ. ನೀವು ಹಾಗೆ ಮಾಡಬೇಡಿ.

ಮಾಲೀಕ ಮತ್ತು ಕೆಲಸಗಾರ ಅನ್ನುವ ಸಂಬಂಧ ಇತ್ತಾ ಅನ್ನುವುದೇ ನಮ್ಮ ಹಳ್ಳಿ ಕಡೆಯ ಕೇಸುಗಳಲ್ಲಿ ದೊಡ್ಡ ಜಗಳ. ನೇಮಕಾತಿ ಪತ್ರ ಯಾರ ಹತ್ತಿರ ಇರುತ್ತದೆ ಹೇಳಿ? ಲಾರಿ ಮಾಲೀಕರ ತಮ್ಮನೇ ಕ್ಲೀನರ್ ಅಂತ ಅರ್ಜಿ ಬರುತ್ತದೆ. ಮಾಲೀಕರು ಕೋರ್ಟಿಗೆ ಬಂದು ‘ಹೌದು, ನನ್ನ ಕೆಲಸಗಾರ, ತಿಂಗಳಿಗೆ ಇಷ್ಟು ಕೊಡುತ್ತಿದ್ದೆ’ ಅಂತ ಖುಷಿಯಿಂದ ಒಪ್ಪಿಕೊಳ್ಳುತ್ತಾರೆ, ಯಾಕೆ ಅಂದರೆ ಹಣ ಕೊಡುವುದು ವಿಮೆಯವರು. ಇಲ್ಲಿ ನಮ್ಮ ಕೆಲಸ ನಿಜಕ್ಕೂ ಬೇಕು. ಸುಳ್ಳು ಕೇಸಿಗೆ ಹೋದ ಹಣ ಕೊನೆಗೆ ಎಲ್ಲರ ಪ್ರೀಮಿಯಂನಿಂದಲೇ ಹೋಗುವುದು, ಅದಕ್ಕಿಂತ ಜಾಸ್ತಿ ಕೆಟ್ಟದ್ದು ಏನು ಅಂದರೆ ಇಂಥ ನಾಲ್ಕು ಕೇಸು ನೋಡಿದ ಮೇಲೆ ನ್ಯಾಯಾಧೀಶರಿಗೂ ಕಂಪನಿಯವರಿಗೂ ನಿಜವಾದ ಕ್ಲೀನರ್ ಮೇಲೂ ಅನುಮಾನ ಶುರುವಾಗುತ್ತದೆ. ಆದರೆ ಕಾಗದ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಸಂಬಂಧವನ್ನೇ ನಿರಾಕರಿಸುವುದು ಸರಿಯಲ್ಲ. ಟೋಲ್ ಚೀಟಿ, ಲೋಡಿಂಗ್ ಮಾಡಿದ ಮಂಡಿಯವರ ಮಾತು, ಫೋನ್‌ಪೇಯಲ್ಲಿ ಹೋದ ಬಟವಾಡೆ, ಇವೆಲ್ಲ ನೋಡಿದರೆ ನಿಜ ಯಾವುದು ಅಂತ ನಿಮಗೇ ತಿಳಿಯುತ್ತದೆ.

‘ಕೆಲಸದಿಂದಾಗಿ’ ಅನ್ನುವ ಮಾತಿನ ಮೇಲೆ ಎಷ್ಟು ತೀರ್ಪುಗಳಿವೆ ಅಂದರೆ ಓದುತ್ತಾ ಹೋದರೆ ಮುಗಿಯುವುದಿಲ್ಲ. ಸೌರಾಷ್ಟ್ರದ ಉಪ್ಪಿನ ಕಂಪನಿಯ ಕೆಲಸಗಾರರು ಸಾರ್ವಜನಿಕ ದೋಣಿಯಲ್ಲಿ ಕಡಲ ಕೊಲ್ಲಿ ದಾಟುವಾಗ ಮುಳುಗಿ ಸತ್ತರು. ಅದು ಎಲ್ಲರೂ ಓಡಾಡುವ ದಾರಿ, ಕೆಲಸದ ಜಾಗವಲ್ಲ ಅಂತ 1958ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಪರಿಹಾರ ಸಿಗಲಿಲ್ಲ. ಆದರೆ 2025ರ ಜುಲೈನಲ್ಲಿ ಬಂದ ತೀರ್ಪು ನೋಡಿ. ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯ ಕಾವಲುಗಾರರೊಬ್ಬರು 2003ರಲ್ಲಿ ಬೆಳಗಿನ ಜಾವ 3 ಗಂಟೆಯ ಪಾಳಿಗೆ ಬೈಕಿನಲ್ಲಿ ಹೊರಟಿದ್ದರು, ಕಾರ್ಖಾನೆಗೆ ಇನ್ನೂ 5 ಕಿ.ಮೀ. ಇರುವಾಗ ಅಪಘಾತವಾಗಿ ತೀರಿಕೊಂಡರು. ಆ ಹೊತ್ತಿನಲ್ಲಿ ಆ ದಾರಿಯಲ್ಲಿ ಅವರು ಇದ್ದದ್ದೇ ಕೆಲಸಕ್ಕಾಗಿ, ಹಾಗಾಗಿ ಇದು ಕೆಲಸದ ಅವಧಿಯಲ್ಲೇ ಆದ ಅಪಘಾತ ಅಂತ ಕೋರ್ಟ್ ಒಪ್ಪಿತು. ಮನೆಯವರು 22 ವರ್ಷ ಕಾದಿದ್ದರು. ಹೈಕೋರ್ಟಿನಲ್ಲಿ ವಿಮಾ ಕಂಪನಿ ಗೆದ್ದಿದ್ದ ಕೇಸು ಅದು. ನನ್ನ ಪಕ್ಷದಲ್ಲಿರುವವರು ಆ ತೀರ್ಪನ್ನು ಎರಡು ಸಲ ಓದಬೇಕು. ವಾದ ಕಾನೂನಿನ ಪ್ರಕಾರ ಇತ್ತು, ತಪ್ಪೇನಲ್ಲ, ಆದರೆ ಆ 22 ವರ್ಷ ಆ ಮನೆಯಲ್ಲಿ ಹೇಗೆ ಕಳೆಯಿತು ಅನ್ನುವುದನ್ನೂ ನೆನಪಿಡಬೇಕು ಅಲ್ವಾ.

ಈಗ ಲೆಕ್ಕಕ್ಕೆ ಬರೋಣ, ಈ ವೃತ್ತಿಯ ಹೊಟ್ಟೆಯೇ ಇದು. ಸಾವಾದರೆ ತಿಂಗಳ ಸಂಬಳದ ಅರ್ಧವನ್ನು ವಯಸ್ಸಿನ ಗುಣಕದಿಂದ ಗುಣಿಸಬೇಕು. ಪೂರ್ಣ ಕಾಯಂ ಅಂಗವೈಕಲ್ಯ ಆದರೆ ಶೇ 60. ಗುಣಕಗಳು ನಾಲ್ಕನೇ ಅನುಸೂಚಿಯಲ್ಲಿವೆ: 25 ವರ್ಷಕ್ಕೆ 216.91, 30ಕ್ಕೆ 207.98, 40ಕ್ಕೆ 184.17, ಹೀಗೆ ಇಳಿಯುತ್ತದೆ. ಸಂಬಳ ಎಷ್ಟೇ ಇರಲಿ, ಲೆಕ್ಕಕ್ಕೆ ತೆಗೆದುಕೊಳ್ಳುವುದಕ್ಕೆ ಒಂದು ಮಿತಿ ಇದೆ. 2010ರ ಮೇ 31ರಿಂದ 8,000 ರೂಪಾಯಿ ಇತ್ತು, 2020ರ ಜನವರಿ 3ರಿಂದ 15,000 ಆಯಿತು. ಸುಮಾರು ಹತ್ತು ವರ್ಷ ಒಂದೇ ಮಿತಿ! ಆ ಅವಧಿಯಲ್ಲಿ ಸತ್ತ ಗಾರೆ ಮೇಸ್ತ್ರಿಗಳ ಕುಟುಂಬಕ್ಕೆ ಅವರ ನಿಜವಾದ ದುಡಿಮೆಯ ಅರ್ಧದ ಮೇಲೂ ಲೆಕ್ಕ ಹಾಕಿಸಲಾಗದೆ ಹೋಗಿದೆ. ಇದು ನನಗೆ ಇವತ್ತಿಗೂ ಬೇಸರದ ವಿಷಯ.

15,000 ಸಂಬಳದ 25 ವರ್ಷದವರು ಸತ್ತರೆ 7,500 ಗುಣಿಸು 216.91, ಅಂದರೆ 16,26,825 ರೂಪಾಯಿ. ಇಲ್ಲಿ ವಾದಕ್ಕೆ ಜಾಗ ಕಡಿಮೆ. ಆದರೆ 30 ವರ್ಷದ ಕ್ಲೀನರ್ ಕಾಲು ಮುರಿದಿದ್ದರೆ? ಪೂರ್ತಿ ಅಂಗವೈಕಲ್ಯಕ್ಕೆ 15,000ದ ಶೇ 60, ಅಂದರೆ 9,000 ಗುಣಿಸು 207.98, ಅಂದರೆ 18,71,820. ಅದರಲ್ಲಿ ದುಡಿಯುವ ಶಕ್ತಿ ಶೇಕಡಾ ಎಷ್ಟು ಹೋಗಿದೆಯೋ ಅಷ್ಟು. ಡಾಕ್ಟರ್ ಶೇ 20 ಅಂದರೆ 3,74,364. ಶೇ 40 ಅಂದರೆ 7,48,728. ಕೈ ಕಡಿದರೆ, ಬೆರಳು ಹೋದರೆ ಶೇಕಡಾ ಎಷ್ಟು ಅಂತ ಮೊದಲ ಅನುಸೂಚಿಯಲ್ಲೇ ಪಟ್ಟಿ ಇದೆ. ಪಟ್ಟಿಯಲ್ಲಿ ಇಲ್ಲದ ಗಾಯಕ್ಕೆ ವೈದ್ಯರು ಹೇಳಬೇಕು. ಹಾಗಾಗಿ ಇಡೀ ಕೇಸು ಬಹಳ ಸಲ ಒಬ್ಬ ಡಾಕ್ಟರ ಸಾಕ್ಷಿಯ ಮೇಲೆ ನಿಲ್ಲುತ್ತದೆ, ಮತ್ತು ಆ ಡಾಕ್ಟರನ್ನು ಪಾಟೀಸವಾಲು ಮಾಡುವುದೇ, ಅಂದರೆ ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವುದೇ, ನಮ್ಮ ಕೆಲಸದ ಕಷ್ಟದ ಭಾಗ.

ಇಲ್ಲೇ ಹೆಚ್ಚಿನ ಹೊಸಬರು ಎಡವುತ್ತಾರೆ. ಅಂಗದ ವೈಕಲ್ಯ ಬೇರೆ, ದುಡಿಯುವ ಶಕ್ತಿಯ ನಷ್ಟ ಬೇರೆ. ಕಾಲಿಗೆ ಶೇ 30 ವೈಕಲ್ಯ ಅಂದರೆ ಲೆಕ್ಕ ಬರೆಯುವವರಿಗೆ ಅಷ್ಟು ನಷ್ಟ ಆಗದಿರಬಹುದು, ಅಡಿಕೆ ಮರ ಹತ್ತುವ ಕೊನೆಗಾರರಿಗೆ ಆ ಕಸುಬೇ ಮುಗಿದಿರಬಹುದು. 1975ರಲ್ಲಿ ಪ್ರತಾಪ್ ನಾರಾಯಣ್ ಸಿಂಗ್ ದೇವ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಒಬ್ಬ ಬಡಗಿಯ ಎಡಗೈಯನ್ನು ಮೊಣಕೈ ಮೇಲಿಂದ ತೆಗೆಯಬೇಕಾಯಿತು. ಇದು ಪೂರ್ಣ ಅಂಗವೈಕಲ್ಯವಲ್ಲ ಅಂತ ಮಾಲೀಕರ ವಾದ. ಒಂದು ಕೈಯಲ್ಲಿ ಮರಗೆಲಸ ಮಾಡಲಾಗುತ್ತದೆಯೇ? ಆಗದು, ಹಾಗಾಗಿ ನಷ್ಟ ಶೇ 100 ಅಂತ ಕೋರ್ಟ್ ತೀರ್ಮಾನಿಸಿತು. ಈ ತೀರ್ಪು ನಮ್ಮ ಪಕ್ಷದ ವಿರುದ್ಧ ಬಂದದ್ದು, ಆದರೆ ನನ್ನ ಜೂನಿಯರ್‌ಗಳಿಗೆ ಮೊದಲು ಓದಲು ಕೊಡುವುದು ಇದನ್ನೇ.

ನಾನು ಇದನ್ನು ಕಲಿತದ್ದು ಪೆಟ್ಟು ತಿಂದೇ. ಮೂರನೇ ವರ್ಷದಲ್ಲಿ ಒಂದು ಹಮಾಲರ ಕೇಸಿನಲ್ಲಿ ಡಾಕ್ಟರಿಗೆ ಒಳ್ಳೆಯ ಪ್ರಶ್ನೆಗಳನ್ನೇ ಕೇಳಿದ್ದೆ. ಚಿಕಿತ್ಸೆ ಕೊಟ್ಟವರು ನೀವಲ್ಲ ಅಲ್ವಾ, ಎಲುಬು ಕೂಡಿದೆ ಅಲ್ವಾ, ಕೋಲು ಇಲ್ಲದೆ ನಡೆಯುತ್ತಾರೆ ಅಲ್ವಾ. ಎಲ್ಲಕ್ಕೂ ಹೌದು ಬಂತು. ಅಲ್ಲಿಗೆ ಕೂರಬೇಕಿತ್ತು. ‘ಹಾಗಾದರೆ ಕೆಲಸ ಮಾಡಲು ತೊಂದರೆ ಇಲ್ಲ ಅಲ್ವಾ’ ಅಂದೆ. ‘ನಡೆಯಲು ತೊಂದರೆ ಇಲ್ಲ, ಬೆನ್ನ ಮೇಲೆ ಚೀಲ ಇಟ್ಟುಕೊಂಡು ನಡೆಯಲು ಆಗುವುದಿಲ್ಲ’ ಅಂದರು ಡಾಕ್ಟರು. ಅವರು ಹೇಳಿದ್ದು ನಿಜವೇ. ಗಿರಣಿಯ ಹಲಗೆ ಹತ್ತುವ ಹಮಾಲರನ್ನು ಚಿಕ್ಕಂದಿನಿಂದ ನೋಡಿದ ನನಗೆ ಅದು ಮೊದಲೇ ಹೊಳೆಯಬೇಕಿತ್ತು. ಅವತ್ತಿನಿಂದ ಗಾಯಗೊಂಡವರು ಯಾವ ಕೆಲಸ ಮಾಡುತ್ತಿದ್ದರೋ ಆ ಜಾಗಕ್ಕೆ ಹೋಗಿ ನೋಡದೆ ಡಾಕ್ಟರನ್ನು ಪಾಟೀಸವಾಲು ಮಾಡುವುದಿಲ್ಲ. ಕ್ರಷರ್, ಇಟ್ಟಿಗೆ ಗೂಡು, ಹತ್ತಿ ಜಿನ್ನಿಂಗ್ ಮಿಲ್, ಗ್ರಾನೈಟ್ ಕೊರೆಯುವ ಕ್ವಾರಿ, ಎಲ್ಲ ನೋಡಿದ್ದೇನೆ. ಕಾನೂನಿನ ಪುಸ್ತಕದಷ್ಟೇ ಅದೂ ಓದು.

ಮಾಲೀಕರು ಬಂದು ಕೂತರೆ ಮೊದಲ ಮಾತು ಸಾಮಾನ್ಯವಾಗಿ ‘ಅವನು ಕುಡಿದಿದ್ದ ಸರ್’ ಅಂತಿರುತ್ತದೆ. ಕುಡಿತ, ಬೇಕೆಂದೇ ಸುರಕ್ಷತಾ ನಿಯಮ ಮೀರುವುದು, ರಕ್ಷಣೆಗೆ ಹಾಕಿದ ಗಾರ್ಡ್ ಕಿತ್ತು ಹಾಕುವುದು, ಇವು ಕಾಯ್ದೆಯಲ್ಲಿ ವಿನಾಯಿತಿಗಳೇ. ಆದರೆ ಸಾವಾದರೆ ಅಥವಾ ಪೂರ್ಣ ಕಾಯಂ ಅಂಗವೈಕಲ್ಯ ಆದರೆ ಈ ವಿನಾಯಿತಿಗಳು ಲೆಕ್ಕಕ್ಕೇ ಇಲ್ಲ. ಇದನ್ನು ಕೇಳಿದಾಗ ಮಾಲೀಕರಿಗೆ ಸಿಟ್ಟು ಬರುತ್ತದೆ. ನಾನು ಸುಮ್ಮನೆ ಸೆಕ್ಷನ್ ತೆಗೆದು ಓದಿ ತೋರಿಸುತ್ತೇನೆ. ಸತ್ತವರ ಹೆಂಡತಿಯನ್ನು ಕಟಕಟೆಯಲ್ಲಿ ನಿಲ್ಲಿಸಿ ಗಂಡನ ಕುಡಿತದ ಬಗ್ಗೆ ಕೇಳಿ ಏನೂ ಸಿಗುವುದಿಲ್ಲ, ಆ ಹೆಣ್ಣುಮಗಳಿಗೆ ಅವಮಾನ ಬಿಟ್ಟರೆ.

ಪಾಲಿಸಿ ಓದುವುದು ಇನ್ನೊಂದು ದೊಡ್ಡ ವಿದ್ಯೆ. ನಮ್ಮ ಕಡೆ ಕಬ್ಬಿನ ಟ್ರ್ಯಾಕ್ಟರ್ ಕೇಸುಗಳು ಬಹಳ. ಟ್ರೇಲರ್ ಮೇಲೆ ಕಬ್ಬಿನ ಜೊತೆ ಕೂತ ಕೂಲಿಗಳು ಬೀಳುತ್ತಾರೆ. ಟ್ರ್ಯಾಕ್ಟರ್ ಪಾಲಿಸಿ ಸಾಮಾನ್ಯವಾಗಿ ಚಾಲಕರನ್ನು ಕಾಯುತ್ತದೆ, ಕೂಲಿಗಳಿಗೆ ಹೆಚ್ಚುವರಿ ಪ್ರೀಮಿಯಂ ಕಟ್ಟಿರದಿದ್ದರೆ ಅವರ ಪರಿಹಾರ ಮಾಲೀಕರ ತಲೆಗೇ ಬರುತ್ತದೆ. ಎರಡೆಕರೆ ಜಮೀನಿನ ರೈತ, ಸಾಲದ ಟ್ರ್ಯಾಕ್ಟರ್, ಹತ್ತು ಲಕ್ಷದ ಆದೇಶ! ಕಂಪನಿ ಪರ ಈ ವಾದ ಗೆದ್ದ ದಿನ ಸಂಜೆ ನನಗೆ ಖುಷಿಯಾಗಿಲ್ಲ. ಗಾಯಗೊಂಡವರಿಗೂ ಆ ರೈತರಿಂದ ಹಣ ವಸೂಲಾಗುವುದು ಕಷ್ಟ. ಹಾಗಾಗಿ ಗೊತ್ತಿರುವ ಟ್ರ್ಯಾಕ್ಟರ್ ಮಾಲೀಕರಿಗೆಲ್ಲ ಹೇಳುತ್ತಲೇ ಇರುತ್ತೇನೆ, ನೀವೂ ಸಿಂಧನೂರಿನವರು, ನಿಮ್ಮ ನೆಂಟರಿಗೆ ಹೇಳಿ: ಪಾಲಿಸಿ ಮಾಡಿಸುವಾಗ ಟ್ರೇಲರ್ ಸೇರಿಸಿ, ಕೂಲಿಗಳ ಸಂಖ್ಯೆ ಬರೆಸಿ, ರಸೀದಿಯಲ್ಲಿ ಅದು ಕಾಣಿಸುತ್ತದಾ ಅಂತ ನೋಡಿ.

ಇನ್ನು ತಡದ ವಿಷಯ, ಮೊದಲು ನಾನೂ ಮರೆತಿದ್ದೆ ಅಂದೆನಲ್ಲ. ಪರಿಹಾರ ಅಪಘಾತದ ದಿನದಿಂದಲೇ ಕೊಡಬೇಕಾದ ಹಣ. ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇ 12 ಬಡ್ಡಿ, ಸರಿಯಾದ ಕಾರಣ ಇಲ್ಲದೆ ತಡ ಮಾಡಿದರೆ ಅರ್ಧದವರೆಗೆ ದಂಡವೂ ಬೀಳಬಹುದು. ಬಡ್ಡಿ ವಿಮೆಯವರು ಕೊಡಬೇಕು, ದಂಡ ಮಾತ್ರ ಮಾಲೀಕರ ಜೇಬಿನಿಂದ ಅಂತ 1997ರಲ್ಲಿ ವೇದ್ ಪ್ರಕಾಶ್ ಗರ್ಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮೇಲಿನ 16,26,825ಕ್ಕೆ ಬಡ್ಡಿ ವರ್ಷಕ್ಕೆ 1,95,219. ಐದು ವರ್ಷ ಎಳೆದರೆ 9,76,095. ಎಳೆದವರು ಯಾರಿಗೆ ಉಪಕಾರ ಮಾಡಿದಂತಾಯಿತು?

ನಾನು ಶುರುವಿನಲ್ಲಿ ‘ಸಮಯ ಬೇಕು’ ಅಂತ ಅರ್ಜಿ ಹಾಕುವುದೇ ಜಾಣತನ ಅಂದುಕೊಂಡಿದ್ದೆ. ಕಾರಟಗಿ ಕಡೆಯ ಒಂದು ಕೇಸಿನಲ್ಲಿ ಸತ್ತ ಚಾಲಕರ ತಾಯಿ ಪ್ರತಿ ತಾರೀಖಿಗೂ ಬಸ್ಸಿನಲ್ಲಿ ಬರುತ್ತಿದ್ದರು. ಸಂಬಂಧ ಸರಿ ಇತ್ತು, ಪಾಲಿಸಿ ಸರಿ ಇತ್ತು, ಲೈಸೆನ್ಸು ಸರಿ ಇತ್ತು. ವಾದಕ್ಕೆ ಏನೂ ಇರಲಿಲ್ಲ, ನಾನು ಸಮಯ ಕೇಳುತ್ತಲೇ ಇದ್ದೆ. ಆದೇಶ ಆಗುವ ಮೊದಲೇ ಅವರು ತೀರಿಕೊಂಡರು. ಆ ಫೈಲು ಮುಚ್ಚಿದ ಮೇಲೆ ನಾನು ಬದಲಾದೆ. ಈಗ ಫೈಲು ಓದಿದ ವಾರದೊಳಗೆ ಕಂಪನಿಗೆ ಅಭಿಪ್ರಾಯ ಬರೆಯುತ್ತೇನೆ: ಇದರಲ್ಲಿ ವಾದ ಇದೆ, ಇದರಲ್ಲಿ ಇಲ್ಲ, ಇಲ್ಲದ್ದಕ್ಕೆ ಹಣ ಠೇವಣಿ ಇಡಿ, ಬಡ್ಡಿ ನಿಲ್ಲುತ್ತದೆ. ಎಲ್ಲ ಸಲವೂ ಒಪ್ಪುವುದಿಲ್ಲ. ಕಡತ ಮೇಲಿನ ಕಚೇರಿಗೆ ಹೋಗಬೇಕು, ಕೆಳಗಿನವರಿಗೆ ಆಡಿಟ್ ಭಯ. ಆದರೆ ಬರೆದು ಇಟ್ಟರೆ ಎರಡು ಮೂರು ವರ್ಷದಲ್ಲಿ ನಿಮ್ಮ ಮಾತಿಗೆ ಬೆಲೆ ಬರುತ್ತದೆ, ಯಾಕೆ ಅಂದರೆ ನೀವು ಹೇಳಿದ ಲೆಕ್ಕವೇ ಕೊನೆಗೆ ಆದೇಶದಲ್ಲಿ ಬಂದಿರುತ್ತದೆ.

ಅಪೀಲಿನ ಬಗ್ಗೆ ಸ್ವಲ್ಪ. ಹೈಕೋರ್ಟಿಗೆ 60 ದಿನದಲ್ಲಿ ಹೋಗಬೇಕು, ಮಾಲೀಕರ ಕಡೆಯವರು ಆದೇಶವಾದ ಹಣ ಠೇವಣಿ ಇಟ್ಟ ಪ್ರಮಾಣಪತ್ರ ಲಗತ್ತಿಸಬೇಕು, ಕಾನೂನಿನ ಮಹತ್ವದ ಪ್ರಶ್ನೆ ಇರಬೇಕು. ನಮ್ಮ ಕರ್ನಾಟಕದಿಂದಲೇ ಹೋದ ಗೊಲ್ಲ ರಾಜಣ್ಣ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ, ಸಂಗತಿಗಳ ವಿಷಯದಲ್ಲಿ ಆಯುಕ್ತರ ಮಾತೇ ಕೊನೆ ಅಂತ. ಅಂದರೆ ಕೆಳಗಿನ ಕೋರ್ಟಿನಲ್ಲಿ ಕೆಟ್ಟ ಪಾಟೀಸವಾಲು ಮಾಡಿ ಮೇಲೆ ಸರಿ ಮಾಡಿಕೊಳ್ಳುತ್ತೇನೆ ಅನ್ನುವ ಹಾಗಿಲ್ಲ. ಧಾರವಾಡ, ಕಲಬುರಗಿ ಪೀಠಗಳು 2013ರಲ್ಲಿ ಕಾಯಂ ಆದ ಮೇಲೆ ನಮ್ಮಂಥ ಜಿಲ್ಲೆಯವರಿಗೆ ಬೆಂಗಳೂರಿನ ಓಡಾಟ ತಪ್ಪಿದೆ.

ಸೇರುವುದು ಹೇಗೆ ಅಂದರೆ, ಪದವಿ ಮುಗಿಸಿ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ, ಆಮೇಲೆ ಅಖಿಲ ಭಾರತ ಬಾರ್ ಪರೀಕ್ಷೆ, ಇದು ನಿಮಗೆ ಗೊತ್ತೇ ಇದೆ. ಪ್ಯಾನಲ್‌ಗೆ ತಕ್ಷಣ ಯಾರೂ ತೆಗೆದುಕೊಳ್ಳುವುದಿಲ್ಲ. ನ್ಯೂ ಇಂಡಿಯಾ, ನ್ಯಾಷನಲ್, ಓರಿಯೆಂಟಲ್, ಯುನೈಟೆಡ್ ಇಂಡಿಯಾ, ಈ ನಾಲ್ಕು ಸರ್ಕಾರಿ ಕಂಪನಿಗಳಾಗಲಿ ಖಾಸಗಿಯವರಾಗಲಿ ಕೆಲವು ವರ್ಷದ ಅನುಭವ ನೋಡುತ್ತಾರೆ. ಅಲ್ಲಿಯವರೆಗೆ ಸೀನಿಯರ್ ಹೆಸರಿನಲ್ಲಿ ಫೈಲು ನಡೆಸಬೇಕು. ಶುಲ್ಕ ಕೇಸಿಗೆ ಇಷ್ಟು ಅಂತ ನಿಗದಿ, ತಡವಾಗಿ ಬರುತ್ತದೆ, ಅಮೆರಿಕದ ಗಂಟೆ ಲೆಕ್ಕ ಇಲ್ಲಿ ಕನಸು. ಆದರೆ ಫೈಲು ನಿಲ್ಲದೆ ಬರುತ್ತದೆ, ಕಟಕಟೆ ಅನುಭವ ಬೇರೆ ಸಿವಿಲ್ ಕೆಲಸಕ್ಕಿಂತ ಬಹಳ ಬೇಗ ಸಿಗುತ್ತದೆ. ಪ್ಯಾನಲ್‌ನಲ್ಲಿ ಇರುವಾಗ ಅದೇ ಕಂಪನಿಯ ವಿರುದ್ಧ ಕಾರ್ಮಿಕರ ವಕಾಲತ್ತು ಹಾಕುವಂತಿಲ್ಲ, ಇದು ಮೊದಲೇ ತಿಳಿದಿರಲಿ. ಕೆಲವರು ಹತ್ತು ವರ್ಷ ಈ ಕಡೆ ಇದ್ದು ಆ ಕಡೆ ಹೋಗಿದ್ದಾರೆ, ಅವರು ಕಾರ್ಮಿಕರಿಗೆ ಬಹಳ ಒಳ್ಳೆಯ ವಕೀಲರಾಗಿದ್ದಾರೆ.

ಕಾನೂನೂ ಬದಲಾಗುತ್ತಿರುವ ಹೊತ್ತು ಇದು. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ 2020 ಜಾರಿಗೆ ಬಂದಿದೆ, 1923ರ ಕಾಯ್ದೆಯ ಜಾಗಕ್ಕೆ ಅದು ಬಂದಿದೆ. ಮನೆಯಿಂದ ಕೆಲಸಕ್ಕೆ ಹೋಗಿ ಬರುವ ದಾರಿಯ ಅಪಘಾತವನ್ನು ಅದರಲ್ಲಿ ಬಿಡಿಸಿ ಬರೆದಿದ್ದಾರೆ, ಆಯುಕ್ತರ ಬದಲು ಸಕ್ಷಮ ಪ್ರಾಧಿಕಾರ ಅನ್ನುವ ಹೆಸರು. ಹಳೆಯ ಅಪಘಾತಗಳ ಕೇಸುಗಳು ಇನ್ನೂ ವರ್ಷಗಟ್ಟಲೆ ಇರುತ್ತವೆ, ಹಾಗಾಗಿ ಎರಡನ್ನೂ ಓದಬೇಕು. ಹೊಸಬರಿಗೆ ಇದು ಒಳ್ಳೆಯ ಅವಕಾಶ ಅಂತಲೇ ನನ್ನ ಅಭಿಪ್ರಾಯ, ಯಾಕೆ ಅಂದರೆ ಸಂಹಿತೆಯ ವಿಷಯದಲ್ಲಿ ಇಪ್ಪತ್ತು ವರ್ಷದ ವಕೀಲರೂ ನೀವೂ ಒಂದೇ ಗೆರೆಯಲ್ಲಿ ನಿಂತಿದ್ದೀರಿ.

ನಿಮ್ಮನ್ನು ಕರೆದ ಸೀನಿಯರ್ ಹತ್ತಿರ ಹೋಗಬೇಕಾ ಬೇಡವಾ? ಒಂದು ಕೆಲಸ ಮಾಡಿ. ಅವರ ಕೇಸಿನಲ್ಲಿ ಡಾಕ್ಟರ ಸಾಕ್ಷಿ ಇರುವ ದಿನ ಕೋರ್ಟ್ ಹಾಲಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂರಿ. ಗಾಯಗೊಂಡವರೂ ಅಲ್ಲೇ ಎಲ್ಲೋ ನಿಂತಿರುತ್ತಾರೆ. ನಿಮ್ಮ ಸೀನಿಯರ್ ಅವರ ಕಡೆ ನೋಡುತ್ತಾರಾ, ಅವರ ಕೆಲಸ ಏನು ಅನ್ನುವುದು ಗೊತ್ತಿದ್ದು ಪ್ರಶ್ನೆ ಕೇಳುತ್ತಾರಾ, ಸುಮ್ನೆ ಅಚ್ಚು ಹಾಕಿದ ಹತ್ತು ಪ್ರಶ್ನೆ ಕೇಳಿ ಕೂರುತ್ತಾರಾ ನೋಡಿ. ಹೊರಗೆ ಬಂದ ಮೇಲೆ, ಹೋದ ವರ್ಷ ಎಷ್ಟು ಕೇಸಿನಲ್ಲಿ ‘ಹಣ ಕೊಟ್ಟುಬಿಡಿ’ ಅಂತ ಕಂಪನಿಗೆ ಬರೆದಿರಿ ಅಂತ ಕೇಳಿ. ಒಂದೂ ಇಲ್ಲ ಅಂದರೆ ಬೇರೆ ಸೀನಿಯರ್ ಹುಡುಕಿ. ಹತ್ತಿಪ್ಪತ್ತು ಅಂದರೆ ಸೋಮವಾರದಿಂದಲೇ ಸೇರಿ, ಹೋಗುವಾಗ ನಾಲ್ಕನೇ ಅನುಸೂಚಿಯ ಒಂದು ಪ್ರತಿ ತೆಗೆಸಿ ಡೈರಿಯ ಹಿಂದಿನ ರಟ್ಟಿಗೆ ಅಂಟಿಸಿಕೊಂಡಿರಿ, ದಿನಕ್ಕೆ ಹತ್ತು ಸಲ ಬೇಕಾಗುತ್ತದೆ.